ಹಲಗೇರಿ ದಾಟದ ಕನ್ಯಾಕುಮಾರಿ

ಕನ್ಯಾಕುಮಾರಿಯ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕೆಂದು ವಾರವಿಡೀ ತಲೆ ಕೆಡಿಸಿಕೊಂಡವಳು ನಾನು. ಗಾಡಿ ಓಡಿಸುವವಳೂ ನಾನೇ. ಅವ್ವನ ಮಂಡಿನೋವಿಗೆ ಆಗಾಗ ಇಳಿದು ನಡೆಯಬೇಕು. ಅದಕ್ಕೇ ದಾವಣಗೆರೆಯಲ್ಲಿ ನಾಷ್ಟಾ, ಹಿರಿಯೂರಿನಲ್ಲಿ ಊಟ, ಕತ್ತಲಾಗುವುದರೊಳಗೆ ಹೊಸೂರಿನಲ್ಲಿ ವಸತಿ ಎಂದು ಗೊತ್ತು ಮಾಡಿದ್ದೆ. ಅಪ್ಪನಿಗೆ ಬೇಕಾದದ್ದು ಒಂದೇ. ಕಣ್ಣು ಪೂರ್ತಿ ಹೋಗುವ ಮೊದಲು, ಸೂರ್ಯ ಹುಟ್ಟುವುದನ್ನೂ ಮುಳುಗುವುದನ್ನೂ ಒಂದೇ ದಂಡೆಯಲ್ಲಿ ನಿಂತು ನೋಡಬೇಕಿತ್ತು. ಕಾರವಾರ ಹತ್ತಿರವಲ್ಲವೇ ಎಂದರೆ, ಅಲ್ಲಿ ಮುಳುಗುವುದಷ್ಟೇ ಕಾಣುತ್ತದೆ ಎಂದಿದ್ದ.

ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ಕೈಚೆಲ್ಲಿದ್ದರು. ಬ್ಯಾಡಗಿಯ ಪೇಟೆಯಲ್ಲಿ ಚೀಲದ ಬಾಯಿ ಬಿಚ್ಚುವಷ್ಟರಲ್ಲೇ ಬಣ್ಣ ನೋಡಿ, ಇದು ಯಾವ ಸೀಮೆಯ ಮೆಣಸಿನಕಾಯಿ ಎಂದು ಹೇಳುತ್ತಿದ್ದ ವ್ಯಾಪಾರಿ ನಮ್ಮಪ್ಪ.

ನಮ್ಮ ಕಡೆ ನೆಂಟರ ಊರು ಹಾದು ಹೋಗುವವರು ಮನೆ ಹೊಕ್ಕು ಚಹಾ ಕುಡಿದೇ ಹೋಗಬೇಕು. ತಪ್ಪಿದರೆ ಮುಂದಿನ ಮದುವೆಯವರೆಗೂ ಅದೇ ಮಾತು. ಮ್ಯಾಪು ಬೈಪಾಸು ತೋರಿಸಿದರೇನು, ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವ್ವ ಮೊದಲೇ ಎಲ್ಲರಿಗೂ ಫೋನು ಮಾಡಿಬಿಟ್ಟಿದ್ದಳು.

ನಮ್ಮ ಹಾವೇರಿ ಬಿಟ್ಟು ಗಾಡಿಯ ಮೈ ಬಿಸಿಯಾಗುವ ಮೊದಲೇ ಮೋಟೆಬೆನ್ನೂರಿನ ಸೋದರಮಾವನ ಮನೆಯಲ್ಲಿ ಅವಲಕ್ಕಿ. ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಹೋದರೆ ಅಪ್ಪನ ಹಳೆಯ ಪಾಲುದಾರರ ಮನೆಯಲ್ಲಿ ಬೇಡವೆಂದರೂ ಉಪ್ಪಿಟ್ಟು. ರಾಣೆಬೆನ್ನೂರಿನಲ್ಲಿ ದೊಡ್ಡಮ್ಮ ಹೋಳಿಗೆ ಬಡಿಸಿ, ಉಂಡವರು ಜರಾ ಅಡ್ಡಾಗಿ ಹೋಗಿ ಎಂದು ಚಾಪೆ ಹಾಸಿದಳು. ಮನೆಮನೆಯ ರೊಟ್ಟಿಬುತ್ತಿಯಿಂದ ಡಿಕ್ಕಿ ತುಂಬಿತು. ನನ್ನ ದಾವಣಗೆರೆ, ಹಿರಿಯೂರು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹೋದಲ್ಲೆಲ್ಲ ಅಪ್ಪನಿಗೆ ಏನಾದರೊಂದು ತೋರಿಸುವವರೇ. ಒಬ್ಬರಿಗೆ ಹೊಸ ಮನೆ, ಒಬ್ಬರಿಗೆ ಹೊಸ ಸೊಸೆ. ಅಪ್ಪ ಎಲ್ಲದಕ್ಕೂ ಛಲೋ ಐತಿ ಎನ್ನುತ್ತಿದ್ದ.

ಹಲಗೇರಿಯ ಅತ್ತೆಯ ಮನೆ, ಅಂದರೆ ಅಪ್ಪನ ತಂಗಿಯ ಮನೆ, ಕೊನೆಯದು. ಹೊತ್ತು ಇಳಿಯುತ್ತಿತ್ತು. ಅಂಗಳಕ್ಕೆ ಕಾಲಿಟ್ಟೊಡನೆ ಘಾಟಿನಿಂದಲೇ ಅಪ್ಪನಿಗೆ ಕಾಯಿ ಒಣಹಾಕಿದ್ದು ತಿಳಿಯಿತು. ಬಗ್ಗಿ ತಾಡಪತ್ರಿಯ ಮೇಲಿನ ಒಂದು ಹಿಡಿ ಎತ್ತಿಕೊಂಡ. ಒಂದನ್ನು ಕಿವಿಯ ಹತ್ತಿರ ಮುರಿದ. ಇನ್ನೊಂದನ್ನು ಬಿಸಿಲಿಗೆ ಹಿಡಿದ.

"ಬಣ್ಣ ಭಾರಿ ಬಂದೈತಿ," ಎಂದ. "ಇಂಥಾ ಕೆಂಪು ಕಂಡು ಭಾಳ ದಿನ ಆಗಿತ್ತು."

ಅವು ಬಿಳಿಗಾಯಿಗಳು. ಬಣ್ಣ ಹಾರಿದವೆಂದು ಆರಿಸಿ ಬೇರೆ ಹಾಕಿದ್ದ ಮಾಲು. ಕೆಂಪು ಕಾಯಿ ಆಗಲೇ ಚೀಲ ಸೇರಿತ್ತು. ಅತ್ತೆ ನನ್ನ ಮುಖ ನೋಡಿದಳು, ಹೌದೋ ಯಣ್ಣಾ ಎಂದು ಒಳಗೆ ಹೋದಳು. ಆ ಮನೆಯಲ್ಲಿ ಯಾರೂ ನಮಗೆ ಚಹಾ ಕುಡಿಯಿರಿ ಎನ್ನಲಿಲ್ಲ.

ಗಾಡಿ ಹತ್ತಿದ ಮೇಲೆ ಅಪ್ಪ ಕೇಳಿದ, "ಎಲ್ಲಾರೂ ಯಾಕ ಸುಮ್ಮನಾದ್ರು? ಬಿಳಿಗಾಯಿ ಇದ್ವೇನು?"

ಹೂಂ ಎಂದೆ. ಸುಳ್ಳು ಬಾಯಿಗೆ ಬರಲಿಲ್ಲ.

ಗಾಡಿ ತಿರುಗಿಸು ಎಂದ. ನನಗೆ ಸಿಟ್ಟು ಬಂತು. ನೆಂಟರ ಮೇಲೆ, ಅವರಿಗೆ ಫೋನು ಮಾಡಿದ ಅವ್ವನ ಮೇಲೆ, ಇಷ್ಟು ದಿನ ಕಾಣುವವನಂತೆ ಪೇಪರು ಹಿಡಿದು ಕೂತಿದ್ದ ಅಪ್ಪನ ಮೇಲೆ. ಬೆಳಕು ಹೆಚ್ಚಿದ್ದಲ್ಲಿ ಸ್ವಲ್ಪವಾದರೂ ಕಾಣಬಹುದು, ಹೋಗೋಣ ಎಂದು ಜಗಳವಾಡಿದೆ. ಅವನು ಸಿಟ್ಟಾಗಲಿಲ್ಲ.

"ಹುಟ್ಟೂದು ಯಾವುದು, ಮುಳುಗೂದು ಯಾವುದು ಅಂತ ಅಲ್ಲಿ ನೀನ ಹೇಳಬೇಕಾಕ್ಕೈತಿ. ಅಷ್ಟಕ್ಕ ಅಲ್ಲೀತನಾ ಯಾಕ ಹೋಗೂದು? ಮನ್ಯಾಗ ಕುಂತು ಹೇಳು."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಗಾಡಿ ತಿರುಗಿಸಿದೆ. ರಾಣೆಬೆನ್ನೂರು ಹೋಯಿತು, ಬ್ಯಾಡಗಿಯ ತಿರುವು ಹೋಯಿತು, ಮೋಟೆಬೆನ್ನೂರು ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಆ ದಾರಿಯಲ್ಲಿ ನಾವು ಹಾಗೆ ಬಂದದ್ದೇ ಇಲ್ಲ.

ಬೆಳಗಾಗುವುದರೊಳಗೆ ಸುದ್ದಿ ಎಲ್ಲ ಮನೆಗಳಿಗೂ ಮುಟ್ಟಿತ್ತು. ಊರ ಮುಂದೆ ಹಾದು ಮನೆಗೆ ಬರಲಿಲ್ಲವೆಂದು ದೊಡ್ಡಮ್ಮ ಬೈಯುತ್ತಾಳೆಂದು ಕಾದೆ. ಬೈಯಲಿ ಎಂದೇ ಕಾದೆ. ಅವಳು ಫೋನು ಮಾಡಿದ್ದು ಸಂಜೆಗೆ. ರೊಟ್ಟಿ ಮೆತ್ತಗಾಗಿಲ್ಲ ತಾನೇ ಎಂದಷ್ಟೇ ಕೇಳಿದಳು.