ಅತ್ತೆಯ ಕಾಲಿಗೆ ಮೀನಿನ ಚರ್ಮ

ಆ ವರ್ಷ ನಾನು ನಿದ್ದೆ ಮಾಡಿದ್ದೆಲ್ಲ ಲೋಕಲ್ ರೈಲಿನಲ್ಲಿ, ಅದೂ ನಿಂತುಕೊಂಡೇ. ಗೋರೆಗಾಂವ್‌ನ ಆಫೀಸಿಗೂ ಕಾಂದಿವಲಿಯ ಮನೆಗೂ ನಡುವೆ ಇರುವುದು ಒಂದೇ ಸ್ಟೇಷನ್. ಅಷ್ಟರಲ್ಲೇ ಕಣ್ಣು ಮುಚ್ಚುತ್ತಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ತಿಂಗಳುಗಟ್ಟಲೆ ಮಾಯದೆ, ಅದನ್ನು ತೊಳೆದು ಪಟ್ಟಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗಂಡನಿಗೆ ರಕ್ತ ಕಂಡರೆ ತಲೆ ಸುತ್ತುತ್ತದಂತೆ. ಮದುವೆಯಾಗಿ ಇಷ್ಟು ವರ್ಷ ಆ ವಿಷಯ ನನಗೆ ಗೊತ್ತೇ ಇರಲಿಲ್ಲ.

ಪಾದ ತೆಗೆಯಬೇಕಾಗಬಹುದು ಎಂದ ಡಾಕ್ಟರು, ಅದಕ್ಕೂ ಮುಂಚೆ ಒಂದು ಹೊಸ ಬಗೆಯ ಹಾಳೆ ಹಚ್ಚಿ ನೋಡೋಣ ಅಂದರು. ಮೀನಿನ ಚರ್ಮವನ್ನು ಶುದ್ಧಮಾಡಿ ತಯಾರಿಸಿದ್ದು. ಹಾಗಲಬಳ್ಳಿ ಚಪ್ಪರಕ್ಕೆ ಹಬ್ಬಿದಂತೆ ಹೊಸ ಮಾಂಸ ಅದನ್ನು ಹಿಡಿದು ಬೆಳೆಯುತ್ತದಂತೆ. ನಮ್ಮತ್ತೆ ಧಾರವಾಡದ ಮಡಿಯವರು. ಮೀನಿನ ಬುಟ್ಟಿ ಸೀರೆಗೆ ತಾಕಿತೆಂದು ಲೋಕಲ್‌ನಿಂದ ಇಳಿದುಬಿಟ್ಟವರು. ಆದರೂ ಮುಚ್ಚಿಡದೆ ಹೇಳಿದೆ.

ಅತ್ತೆ ತಮ್ಮ ಪಾದ ನೋಡಿಕೊಂಡರು.

“ತಿನ್ನೂದಂತೂ ಅಲ್ಲಲಾ, ಹಚ್ಚಲಿ. ಆದ್ರ ಅದು ಮೈಮ್ಯಾಲೆ ಇರೋತನಕಾ ನಾ ದೇವರ ಹತ್ರ ಹೋಗಂಗಿಲ್ಲ. ದೇವರ ಕೆಲಸಾನೂ ನೀನ ನೋಡು.”

ಬರಗಾಲದಲ್ಲಿ ಅಧಿಕಮಾಸ ಅಂದರೆ ಇದೇ. ಟಿಫಿನ್, ಪಟ್ಟಿಯ ಜೊತೆಗೆ ರಂಗೋಲಿ, ದೀಪ, ನೈವೇದ್ಯ. ಅತ್ತೆ ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತು “ಬತ್ತಿ ದಪ್ಪ ಆತು” ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊಸ ಹೊಸ ಹಾಳೆ ಹಚ್ಚುತ್ತ ಹೋದಂತೆ ಹುಣ್ಣಿನ ಅಂಚಿಗೆ ಎಳೆ ಗುಲಾಬಿ ಬಣ್ಣ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಗಾಯ ಮುಚ್ಚಿ, ಪಾದ ಉಳಿಯಿತು. ಹಾಳೆ ಯಾವಾಗ ತೆಗೆಯುತ್ತಾರೆ ಕೇಳು ಅಂದರು ಅತ್ತೆ. ತೆಗೆಯಲು ಏನೂ ಉಳಿದಿಲ್ಲ, ಅದು ಇವರ ಮಾಂಸದಲ್ಲೇ ಸೇರಿಹೋಗಿದೆ ಎಂದರು ಡಾಕ್ಟರು. ಅದನ್ನು ಕನ್ನಡದಲ್ಲಿ ಹೇಳುತ್ತಲೇ ನನಗೆ ಹೊಳೆಯಿತು: ಹಾಗಾದರೆ ಇನ್ನು ಕೊನೆಯತನಕ ಪೂಜೆ ನನ್ನದೇ.

ಮರುದಿನ ಬೆಳಿಗ್ಗೆ ಎದ್ದು ಬಂದರೆ ಅತ್ತೆ ಆಗಲೇ ಸ್ನಾನ ಮುಗಿಸಿ, ಒಂದು ಕೈಯಿಂದ ಗೋಡೆ ಹಿಡಿದು ದೇವರ ಮುಂದೆ ನಿಂತಿದ್ದರು. ನಾನು ಅವರ ಪಾದದ ಕಡೆ ನೋಡಿದ್ದು ಅವರಿಗೆ ಕಂಡಿತು.

“ದಶಾವತಾರದಾಗ ಮೊದಲು ಬಂದದ್ದು ಯಾವುದು? ಮೀನ ಅಲ್ಲೇನು?” ಅಂದರು. “ಇನ್ನ ಇದನ್ನ ನಾ ಮಾಡ್ತೀನಿ. ನೀ ಹೋಗಿ ಇನ್ನೊಂದಿಷ್ಟು ಮಲಕೋ.”

ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ, ಅಳು ಬಂತು.