ಕಾಲಿಗೂ ಬೇಕು ಎರಡು ವಿಸಿಲ್

ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು ನಾನು. ಈಗ ನನ್ನ ಕಾಲುಗಳೇ ನನ್ನ ಮಾತು ಕೇಳುವುದಿಲ್ಲ. ಅಂಗಳದಲ್ಲಿ ಸರಾಗವಾಗಿ ನಡೆಯುತ್ತೇನೆ. ಅಡುಗೆಮನೆಯ ಬಾಗಿಲು ಬಂದ ಕೂಡಲೇ ಪಾದ ನೆಲಕ್ಕೆ ಅಂಟಿಬಿಡುತ್ತದೆ. ಒಳಗೆ ನೀರುದೋಸೆ, ಹೊರಗೆ ನಾನು. ಸಿಟ್ಟು ಬಾರದೆ ಇರುತ್ತದೆಯೇ?

ಮಣಿಪಾಲದ ಡಾಕ್ಟರಮ್ಮ ಪಾರ್ಕಿನ್ಸನ್ ಎಂದರು. ಕಾಲಿನಲ್ಲಿ ದೋಷವಿಲ್ಲ, ಅಭ್ಯಾಸದ ನಡಿಗೆಯನ್ನು ಶುರು ಮಾಡಿಸುವ ಮೆದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆಯಂತೆ. ನನಗೆ ತಟ್ಟನೆ ಅರ್ಥವಾಯಿತು. ಇಂಜಿನ್ ಸರಿ ಉಂಟು, ಕಂಡಕ್ಟರ್ ರೈಟ್ ಕೊಡುತ್ತಿಲ್ಲ, ಅಷ್ಟೇ. ಮಾತ್ರೆಯ ಜೊತೆಗೆ ಒಂದು ಉಪಾಯವನ್ನೂ ಹೇಳಿದರು: ಹೊರಗಿನ ಒಂದು ಸದ್ದೋ ನೆಲದ ಮೇಲಿನ ಗೆರೆಯೋ ಕೆಲವರಿಗೆ ಮೆದುಳಿನ ಬೇರೆ ದಾರಿಯಿಂದ ಹೆಜ್ಜೆ ಎತ್ತಿಸುತ್ತದೆ. ಹೆಂಡತಿ ರಂಗೋಲಿ ಹುಡಿಯಲ್ಲಿ ಗೆರೆ ಎಳೆದಳು. ರಂಗೋಲಿ ತುಳಿಯುವುದು ಹೇಗೆ ಎಂದು ನಾನು ಇನ್ನೂ ಗಟ್ಟಿಯಾಗಿ ನಿಂತೆ. ಕೊನೆಗೆ ಹಳೆಯ ವಿಸಿಲ್ ಹುಡುಕಿ, ಬಸ್ ಹೊರಡಿಸುವಾಗ ಊದುತ್ತಿದ್ದಂತೆ ಎರಡು ಸಲ ಊದಿದೆ. ಕಾಲು ಎದ್ದಿತು. ಅಂದಿನಿಂದ ನಮ್ಮ ಮನೆ ದಿನವಿಡೀ ಬಸ್‌ಸ್ಟ್ಯಾಂಡು.

ಕಾಪುವಿನ ಮಗಳ ಮನೆಗೆ ಒಬ್ಬನೇ ಬಸ್ಸಿನಲ್ಲಿ ಹೋಗಬೇಕೆಂಬುದು ನನ್ನ ಹಟ.

"ಒಮ್ಮೆ ಹೋಗಿ ನೋಡಿ. ಯಾರಾದರೂ ಹಿಡಿದು ಇಳಿಸಿದರೆ ಇನ್ನು ನಾನಿಲ್ಲದೆ ಗೇಟು ದಾಟುವ ಹಾಗಿಲ್ಲ" ಎಂದಳು ಹೆಂಡತಿ.

ಒಪ್ಪಿದೆ. ಮಟ್ಟುಗುಳ್ಳ ಬದನೆಯ ಚೀಲ ಹಿಡಿದು ಹೊರಟೆ.

ಕಾಪು ಬಂತು. ಬಸ್ಸಿನ ಬಾಗಿಲಲ್ಲಿ ಪಾದ ಅಂಟಿತು. ಹಿಂದಿನಿಂದ ಯಾರೋ "ಬೇಗ ಇಳಿಯಿರಿ ಅಜ್ಜ" ಎಂದರು. ಅವಸರಪಡಿಸಿದಷ್ಟೂ ಕಾಲು ಹಟ ಹಿಡಿಯುತ್ತದೆ, ಅದು ಇವರಿಗೆ ಎಲ್ಲಿ ಗೊತ್ತು? ಕಿಸೆಯಿಂದ ವಿಸಿಲ್ ತೆಗೆದು ಎರಡು ಊದಿದೆ. ಡ್ರೈವರ್ ಬಸ್ ಬಿಟ್ಟೇಬಿಟ್ಟ. ಪುಣ್ಯಕ್ಕೆ ನಾನು ಕಂಬಿ ಬಿಟ್ಟಿರಲಿಲ್ಲ.

ಕಂಡಕ್ಟರ್ ಹಿಂದಿನಿಂದ ನುಗ್ಗಿ ಬಂದ. "ಎಂತ ಮಾರಾಯ್ರೆ ನೀವು? ವಿಸಿಲ್ ಊದುವುದು ನಾನಲ್ವಾ?"

ನಾನೂ ರೇಗಿದೆ. "ನಾನೂ ಕಂಡಕ್ಟರೇ ಆಗಿದ್ದವನು. ವಿಸಿಲ್ ಇಲ್ಲದೆ ನನ್ನ ಕಾಲು ಏಳುವುದಿಲ್ಲ, ಕಾಯಿಲೆ ಉಂಟು. ಮುಂದಿನ ಸ್ಟಾಪಿನಲ್ಲಿ ಇಂಜಿನ್ ಬಂದ್ ಮಾಡಲಿಕ್ಕೆ ಹೇಳು."

ಅವನು ನನ್ನ ಕಾಲು ನೋಡಿ ಡ್ರೈವರ್ ಬಳಿ ಹೋದ. ಮೂಳೂರಿನಲ್ಲಿ ಇಂಜಿನ್ ನಿಂತಿತು. ಕಂಡಕ್ಟರ್ ಕೆಳಗಿನಿಂದ ಕೈ ಚಾಚಿದ. ಬೇಡ ಎಂದೆ. ಇಡೀ ಬಸ್ಸು ನೋಡುತ್ತಿರುವಾಗ ಎರಡು ವಿಸಿಲ್ ಊದಿ ಇಳಿದೆ. ಬಹಳ ಹೆಮ್ಮೆಯಾಯಿತು. ಮೂಳೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ ಎಂಬುದು ಬೇರೆ ಮಾತು.

ಅಷ್ಟರಲ್ಲಿ ಹೆಂಡತಿಯ ಫೋನು. "ಎಲ್ಲಿದ್ದೀರಿ? ಕಾಪು ಸ್ಟಾಪಿನಲ್ಲಿ ಮಗಳು ಕಾಯುತ್ತಿದ್ದಾಳೆ."

"ಮೂಳೂರಿನಲ್ಲಿ" ಎಂದೆ. ನನ್ನ ತಿರುಗಾಟ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಯಾರು ಇಳಿಸಿದರು?"

"ಯಾರೂ ಇಲ್ಲ. ನಾನೇ ಇಳಿದೆ."

"ಹಾಗಾದರೆ ಸಂಜೆ ನಾನು ಕರೆಯಲಿಕ್ಕೆ ಬರುವುದಿಲ್ಲ" ಎಂದಳು. "ಒಬ್ಬರೇ ಬನ್ನಿ."