ಬರ್ಲಿ ಅಂದಿದ್ದಕ್ಕೆ ನೆಗ್ಗಿದ ಸೈಲೆನ್ಸರ್

ನಮ್ಮ ಕಡೆ ಕಾರು ಹಿಂದಕ್ಕೆ ತೆಗೆಯುವಾಗ ಯಾರಾದರೂ ಒಬ್ಬರು ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನಬೇಕು. ‘ಸಾಕ್’ ಎಂದಾಗ ನಿಲ್ಲಿಸಬೇಕು. ಇದಕ್ಕೆ ಓದು ಬೇಡ, ಲೈಸೆನ್ಸ್ ಬೇಡ. ನಾನು ಓದಿದ್ದು ಮೂರನೇ ಕ್ಲಾಸು. ನಮ್ಮ ಮನೆಗೆ ಕಾರು ಬಂದ ದಿನದಿಂದ ಬರ್ಲಿ ಎನ್ನುವ ಕೆಲಸ ನನ್ನದೇ.

ನಮ್ಮನೆಯವರಿಗೆ ಈಗ ಎಪ್ಪತ್ತನಾಲ್ಕು. ಕುತ್ತಿಗೆ ಹಿಂದಕ್ಕೆ ತಿರುಗುವುದಿಲ್ಲ. ಕನ್ನಡಿ ಇದೆಯಲ್ಲ ಎಂದರೆ, ಅದು ತಲೆ ಬಾಚಿಕೊಳ್ಳಲಿಕ್ಕೆ ಎನ್ನುವ ಹಾಗೆ ನೋಡುತ್ತಾರೆ. ಬಾಚಲು ಕೂದಲೂ ಉಳಿದಿಲ್ಲ.

ಗೇಟಿನ ಕಂಬಕ್ಕೆ ಒಮ್ಮೆ, ಡೈರಿ ಕಟ್ಟೆಗೆ ಒಮ್ಮೆ ಕಾರು ತಾಗಿಸಿದ್ದರು. ಆ ಎರಡೂ ಸಲ ನಾನು ಜೊತೆಗಿರಲಿಲ್ಲ ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ. ಎರಡನೆಯದಕ್ಕೆ ನಮ್ಮ ಮಗ ಊಟಕ್ಕೆ ಕೂತಲ್ಲೇ ತೀರ್ಪು ಕೊಟ್ಟ.

“ಅಪ್ಪ, ಇನ್ನೊಂದ್ ಸಲ ಎಲ್ಲಾದ್ರೂ ತಾಗ್ಸಿದ್ರೆ ಕೀ ನಂಗೆ. ಆಯ್ತಾ?”

ಇವರು “ಆಯ್ತು” ಎಂದರು. ಮಗನಿಗಲ್ಲ, ಸಾರಿನ ಬಟ್ಟಲಿಗೆ.

ಕೀ ಹೋದರೆ ಇವರಿಗೆ ಏನು ಹೋಗುತ್ತದೆ ಎಂದು ನನಗೆ ಗೊತ್ತು. ದಿನಾ ಬೆಳಿಗ್ಗೆ ಆಲ್ದೂರಿಗೆ ಹೋಗಿ, ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ಕಾಫಿ ಚೆನ್ನಾಗಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಹೇಳಿ, ಪೇಪರ್ ತೆಗೆದುಕೊಂಡು ಬರುವುದು ಇವರ ಉದ್ಯೋಗ. ಅದು ತಪ್ಪಿದರೆ ಮನೆಯಲ್ಲಿ ಕೂತು ಕಾಫಿ ಚೆನ್ನಾಗಿಲ್ಲ ಎಂದು ನನಗೆ ಹೇಳುತ್ತಾರೆ. ಹಾಗಾಗಿ ಕೀ ಇವರ ಜೇಬಿನಲ್ಲೇ ಇರುವುದು ನನಗೂ ಒಳ್ಳೆಯದು.

ಇನ್ನು ಸೈಲೆನ್ಸರ್ ವಿಷಯ. ಕಾರಿನ ಹಿಂದೆ ಹೊಗೆ ಬಿಡುವ ಕೊಳವೆಯನ್ನು ನಾವೆಲ್ಲ ಹಾಗೇ ಕರೆಯುವುದು. ಮೊದಲಿದ್ದ ಕಬ್ಬಿಣದ್ದು ನಮ್ಮ ಮಳೆಗೆ ತುಕ್ಕು ಹಿಡಿದು ಉದುರಿತು. ಇವರು ಹಟ ಹಿಡಿದು ಸ್ಟೀಲಿನದು ಹಾಕಿಸಿದರು. ಹಾಕಿಸಿದ ದಿನ ನನ್ನನ್ನು ಕರೆದು ಬಗ್ಗಿ ನೋಡು ಎಂದರು. ಬಗ್ಗಿದೆ. ನನ್ನ ಮೂಗೇ ಅಗಲವಾಗಿ ಕಂಡಿತು. ಕುಡಿದ ಲೋಟವನ್ನು ಒಂದು ದಿನವೂ ತೊಳೆಯದ ಮನುಷ್ಯ, ವಾರಕ್ಕೊಮ್ಮೆ ನಾನು ಪಾತ್ರೆ ತಿಕ್ಕುವ ನಾರನ್ನೇ ಒಯ್ದು ಅದನ್ನು ಫಳಫಳ ಮಾಡುತ್ತಿದ್ದರು.

“ಹೆಸ್ರೂ ಕೆತ್ತಿಸ್ಬಿಡಿ. ಮದುವೆ ಮನೇಲಿ ಬೇರೆಯವ್ರ ಪಾತ್ರೆ ಜೊತೆ ಸೇರಿ ಹೋದೀತು” ಎಂದೆ. ಎರಡು ದಿನ ಮಾತು ಬಿಟ್ಟರು. ಆ ಎರಡು ದಿನ ನಾನೂ ಆರಾಮಾಗಿದ್ದೆ.

ಅದು ನೆಗ್ಗಿದ್ದು ಹೀಗೆ. ಕಾಫಿ ಒಣಗಿಸುವ ಕಣದಲ್ಲಿ ಕಾರು ತಿರುಗಿಸಬೇಕಿತ್ತು. ಕಣದ ಅಂಚಿಗೆ ಕಲ್ಲಿನ ಕಟ್ಟೆ. ಇವರು ಒಳಗೆ ಕೂತರು, ನಾನು ಹಿಂದೆ ನಿಂತೆ. ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು.

“ಅಕ್ಕಾ, ನಾಡಿದ್ದು ನಮ್ ಬೀಗ್ರು ಬರ್ತಾರಂತೆ!”

“ಬರ್ಲಿ, ಬರ್ಲಿ” ಎಂದೆ.

ಕಾರು ಬಂತು.

“ಬೀಗಿತ್ತಿ ತಂಗೀನೂ ಬರ್ತಾಳಂತೆ. ಎಲ್ಲಿ ಮಲಗ್ಸದು?”

“ಬರ್ಲಿ ಬಿಡೆ, ಜಾಗ ಬೇಕಾದಷ್ಟಿದೆ!”

ಕಾರು ಇನ್ನೂ ಬಂತು. ಜಾಗ ಬೇಕಾದಷ್ಟು ಇರಲಿಲ್ಲ.

ಇವರು ಇಳಿದು ಬಂದು ಕುಕ್ಕರುಗಾಲಿನಲ್ಲಿ ಕೂತರು. ಹೊಳೆಯುವ ಕೊಳವೆಯ ತುದಿ, ಹಲ್ಲಿಲ್ಲದ ಮುದುಕಿ ಬಾಯಿ ಮುಚ್ಚಿಕೊಂಡ ಹಾಗೆ ಒಳಕ್ಕೆ ಹೋಗಿತ್ತು.

“ನೀನೇ ಅಲ್ವನೇ ಬರ್ಲಿ ಅಂದಿದ್ದು?”

“ನಿಮಗಲ್ಲ ಅಂದಿದ್ದು. ಬೀಗರಿಗೆ.”

“ಬೀಗ್ರೇನು ನನ್ ಕಾರಿನ ಹಿಂದೆ ಬರ್ತಿದ್ರಾ?”

ಮಾತಿನಲ್ಲಿ ಸೋತಾಗ ಕೆಲಸಕ್ಕೆ ಇಳಿಯುವುದು ನನ್ನ ಪದ್ಧತಿ. ಮಗ ತೋಟದಿಂದ ಊಟಕ್ಕೆ ಬರುವುದರೊಳಗೆ ಎತ್ತಿಬಿಡೋಣ ಎಂದೆ. ನಾನು ನೆಗ್ಗಿದ ಪಾತ್ರೆ ಎಷ್ಟು ಎತ್ತಿಲ್ಲ? ತಾಮ್ರ, ಹಿತ್ತಾಳೆ ಹೇಳಿದ ಮಾತು ಕೇಳುತ್ತವೆ. ಸ್ಟೀಲು ಹಟಮಾರಿ, ಅದೂ ಗೊತ್ತಿತ್ತು. ಗೊತ್ತಿದ್ದೂ ಕಾಫಿ ಗಿಡದ ಗಟ್ಟಿ ಕೋಲೊಂದನ್ನು ಕೊಳವೆಗೆ ತುರುಕಿ, ಇವರಿಗೆ ಹಿಡಿದುಕೊಳ್ಳಲು ಹೇಳಿ, ಸುತ್ತಿಗೆಯಿಂದ ಬಾರಿಸಿದೆ. ನೆಗ್ಗು ಏಳಲಿಲ್ಲ. ಕೋಲು ಮುರಿದು ಅರ್ಧ ಒಳಗೇ ಕೂತಿತು.

“ಈಗ ಚೆನ್ನಾಗಾಯ್ತು” ಎಂದರು ಇವರು.

ಆಲ್ದೂರಿನಲ್ಲೂ ರಿಪೇರಿ ಶೆಡ್ ಇದೆ. ಆದರೆ ಅಲ್ಲಿಗೆ ಹೋದರೆ ನಾವು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರುತ್ತದೆ. ಮಾರನೇ ದಿನ, ಇವರ ಕಣ್ಣು ತೋರಿಸಬೇಕು ಎಂದು ಮಗನಿಗೆ ಸುಳ್ಳು ಹೇಳಿ ಚಿಕ್ಕಮಗಳೂರಿಗೆ ಹೊರಟೆವು. ಕಾರಿಗೆ ಉಬ್ಬಸ. ಏರು ಬಂದಲ್ಲೆಲ್ಲ ಕೆಮ್ಮುತ್ತಿತ್ತು. ಹಿಂದೆ ಬಸ್ಸಿನವನು ಹಾರನ್ ಒತ್ತಿಯೇ ಒತ್ತಿದ. ಇವರು ಹಿಂದೆ ನೋಡುವವರೇ ಅಲ್ಲವಲ್ಲ, ತಲೆ ಕೆಡಿಸಿಕೊಳ್ಳಲಿಲ್ಲ.

ಅಲ್ಲಿಯ ಮೆಕ್ಯಾನಿಕ್ ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಬಗ್ಗಿ ನೋಡಿದ ಮೇಲೆ ಗಾಂಭೀರ್ಯ ಉಳಿಯಲಿಲ್ಲ.

“ಇದೇನ್ ಅಜ್ಜಿ, ಬಾಟ್ಲಿಗೆ ಹಾಕ್ದಂಗೆ ಬಿರಡೆ ಹಾಕಿದ್ದೀರಲ್ಲ! ಹೆಂಗಾಯ್ತು ಯಜಮಾನ್ರೆ?”

ನಾನು ಗೋಡೆಯ ಮೇಲಿದ್ದ ಟಯರು ಎಣಿಸತೊಡಗಿದೆ.

“ನಾನೇ. ಹಿಂದೆ ನೋಡ್ಲಿಲ್ಲ” ಎಂದರು ಇವರು.

ಬೀಗರ ಸುದ್ದಿ ಎತ್ತಲಿಲ್ಲ. ದೊಡ್ಡ ಗುಣ ಎಂದುಕೊಳ್ಳಬೇಡಿ. ರಾತ್ರಿ ಊಟ ಬಡಿಸುವವಳು ನಾನು.

“ಬಡಿದು ಎತ್ತಕ್ಕಾಗಲ್ವೇನಪ್ಪ?” ಎಂದು ಕೇಳಿದೆ.

“ತೆಳು ಸ್ಟೀಲು ಅಜ್ಜಿ, ಇಷ್ಟು ಮಡಚಿದ ಮೇಲೆ ಬಡಿದ್ರೆ ಸೀಳತ್ತೆ. ಪೂರ್ತಿ ಬದಲಾಯಿಸದೂ ಬೇಡ, ಮುಂದಿಂದೆಲ್ಲ ಗಟ್ಟಿ ಇದೆ. ತುದಿ ಕತ್ತರಿಸಿ ಬೇರೆ ತುಂಡು ಬೆಸೀತೀನಿ.”

ಒಂದು ಗೇಣು ಕತ್ತರಿಸಿದ. ಅದೇ ದಪ್ಪದ ಹೊಸ ತುಂಡು ಇಟ್ಟು ಬೆಸುಗೆ ಹಾಕಿದ. ಬೆಂಕಿ ನೋಡಬೇಡಿ ಎಂದದ್ದಕ್ಕೆ ನಾವಿಬ್ಬರೂ ಸೆರಗು, ಟವೆಲು ಮುಖಕ್ಕೆ ಹಿಡಿದು ಗೋಡೆ ಕಡೆ ತಿರುಗಿ ನಿಂತೆವು. ಮುಗಿದ ಮೇಲೆ ನೋಡಿದರೆ ಬೆಸುಗೆಯ ಸುತ್ತ ನವಿಲುಗರಿಯ ಬಣ್ಣ. ತಿಕ್ಕಿದರೆ ಹೋದೀತೇ ಎಂದೆ. ಹೋಗಲಿ ಬಿಡಿ, ಚೆನ್ನಾಗೇ ಕಾಣುತ್ತದಲ್ಲ ಎಂದ.

“ಅಲ್ಲಪ್ಪ, ಈ ಸೈಲೆನ್ಸರ್ ಅಂದ್ರೆ ಎಂಥ?”

“ಗಲಾಟೆ ಮಾಡೋದ್ರ ಬಾಯಿ ಮುಚ್ಚಿಸದು ಅಜ್ಜಿ.”

ಎರಡು ದಿನದಿಂದ ಸೊಪ್ಪಾಗಿದ್ದ ಇವರ ಮುಖ ಅರಳಿತು. “ಇನ್ನೊಂದಿದ್ರೆ ಕೊಡು ಮಾರಾಯ, ಮನೆಗೆ ಬೇಕು” ಎಂದರು.

ಅಲ್ಲಿಗೆ ಎಲ್ಲ ಸರಿಹೋಗಿತ್ತು. ಕೆಡಿಸಿದ್ದು ನಾನೇ. ಕತ್ತರಿಸಿದ ತುಂಡನ್ನು ಮೆಕ್ಯಾನಿಕ್ ಮೂಲೆಗೆ ಎಸೆದಿದ್ದ. ಒಳ್ಳೆಯ ಸ್ಟೀಲು. ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಯಾತಕ್ಕಾದರೂ ಬಂದೀತು ಎಂದು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಮೇಲೆ ಮಗನಿಗೆ ಇಷ್ಟವೆಂದು ಬೇಕರಿಯ ಖಾರ ಬನ್ನು.

ಸಂಜೆ ಮಗ ಚೀಲಕ್ಕೆ ಕೈ ಹಾಕಿದ. ಬನ್ನು ತೆಗೆದ. ಇನ್ನೊಂದು ಪೊಟ್ಟಣವನ್ನೂ ತೆಗೆದ. ಬಿಚ್ಚಿದ. ನೆಗ್ಗಿದ ಕೊಳವೆ, ಅದರೊಳಗೆ ಕಾಫಿ ಗಿಡದ ಕೋಲು.

“ಅಮ್ಮ, ಕಣ್ಣಿನ್ ಡಾಕ್ಟ್ರು ಇದನ್ನ ಕೊಟ್ರಾ? ದಿನಕ್ಕೆ ಎಷ್ಟ್ ಸಲ ಬಿಡ್ಬೇಕಂತೆ?”

ಸೊಸೆ ನಗು ತಡೆಯಲಾರದೆ ಒಳಗೆ ಓಡಿದಳು. ಇವರು ನಗಲಿಲ್ಲ. ಜೇಬಿಗೆ ಕೈ ಹಾಕಿ ಕೀ ತೆಗೆದರು. ಮೇಜಿನ ಮೇಲಿಟ್ಟರು. ಇಟ್ಟ ಕೈಯನ್ನು ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

ನನಗೆ ಇಂಥದ್ದನ್ನೆಲ್ಲ ನೋಡಿಕೊಂಡು ಕೂರಲು ಆಗುವುದಿಲ್ಲ.

“ಕೀ ತಗೊಳ್ಳಿ ಒಳಗೆ” ಎಂದು ಇವರನ್ನು ಗದರಿಸಿದೆ. ಮಗನಿಗೆ, “ತಾಗ್ಸಿದ್ದು ನಾನು ಕಣೋ. ಬರ್ಲಿ ಅಂದಿದ್ದು ನಾನು, ಸಾಕ್ ಅನ್ನದೆ ಇದ್ದಿದ್ದೂ ನಾನು. ಇವ್ರು ಹೇಳಿದಷ್ಟು ಕೇಳಿದ್ರು, ಅಷ್ಟೇ. ನಲವತ್ತೆಂಟು ವರ್ಷದಲ್ಲಿ ಮೊದಲ್ನೇ ಸಲ” ಎಂದೆ.

ಬೀಗರು, ಬೀಗಿತ್ತಿಯ ತಂಗಿ, ಬೇಕಾದಷ್ಟು ಜಾಗ, ಎಲ್ಲ ಹೇಳಿದೆ. ಮಗ ಬನ್ನು ಕೈಯಲ್ಲಿ ಹಿಡಿದೇ ಕೇಳಿದ. ಆಮೇಲೆ ಕೊಳವೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ.

“ಸರಿ. ಕೀ ಅಪ್ಪನ ಹತ್ರಾನೇ ಇರ್ಲಿ. ಇವತ್ತಿಂದ ನೀನು ಬರ್ಲಿ ಅನ್ನಂಗಿಲ್ಲ.”

“ಆ ಇನ್ನೊಂದು ಸೈಲೆನ್ಸರ್ ಕೇಳಿದ್ನಲ್ಲ, ಮಗನೇ ಹಾಕ್ಕೊಟ್ಟ ನೋಡು” ಎಂದು ಇವರು ಕೀ ಜೇಬಿಗಿಳಿಸಿ ಎದ್ದರು. ಬೆಳಿಗ್ಗೆ ಆಲ್ದೂರಿಗೆ ಹೋದರು, ಕಾಫಿ ಚೆನ್ನಾಗಿರಲಿಲ್ಲವಂತೆ.

ಈಗ ಬರ್ಲಿ ಎನ್ನುವುದು ಸೊಸೆ. ನಾನು ಜಗಲಿಯಲ್ಲಿ ತುಟಿ ಹೊಲಿದುಕೊಂಡು ಕೂತಿರಬೇಕು. ಪಕ್ಕದ ಮನೆಗೆ ಬೀಗರು ಬಂದು ಹೋದರು. ಅವರ ಕಡೆಯ ಇನ್ನೂ ಇಬ್ಬರು ಬರುವ ತಿಂಗಳು ಬರುತ್ತಾರೆಂದು ಆಕೆ ಮೊನ್ನೆ ಬೇಲಿಯಿಂದ ಕೂಗಿದಳು. ನಾನು ಮೊದಲು ಕಣದ ಕಡೆ ತಿರುಗಿ ಕಾರು ಎಲ್ಲಿದೆ ಎಂದು ನೋಡಿದೆ. ಆಮೇಲೆ ಬರ್ಲಿ ಎಂದೆ.